ಎರಡನೇ ತೊಳೆತ

ಮೊದಲು ಕೊಟ್ಟಿಗೆಯ ವಿಷಯ ಹೇಳಬೇಕು, ಏಕೆಂದರೆ ನಮ್ಮ ಸಂಸ್ಥೆ ತಪ್ಪನ್ನು ಮೊದಲು ಹೊರಿಸಿದ್ದು ಅದರ ಮೇಲೆಯೇ. ಮಲ್ಲತ್ತಹಳ್ಳಿಯ ಕೆರೆಯಿಂದ ಎರಡು ಬೀದಿ ಈಚೆಗೆ, ಮೂರು ಮಹಡಿಯ ಬಾಡಿಗೆ ಮನೆಗಳ ನಡುವೆ ಹೇಗೋ ಉಳಿದುಕೊಂಡಿರುವ ಶೀಟು ಹೊದಿಸಿದ ಕೊಟ್ಟಿಗೆ ಅದು. ಎರಡು ಹಸು, ಹಣೆಯ ಮೇಲೆ ಬಿಳಿ ಬೊಟ್ಟಿರುವ ಮೂರು ತಿಂಗಳ ಹೆಣ್ಣುಗರು ಒಂದು. ಆ ಕರುವಿನ ಮುರಿದ ಕಾಲೊಳಗೆ ನಾನು ತಯಾರಿಸಿದ ಮೂಳೆಯ ಸರಳು ಇತ್ತು, ಮತ್ತು ಗಾಯ ಸೋರುತ್ತಿತ್ತು. ‘ಕೊಟ್ಟಿಗೆ ಗಲೀಜು, ಅದಕ್ಕೇ ಕೀವು’ ಎಂದು ನಮ್ಮ ನಿರ್ದೇಶಕರು ಅದನ್ನು ಒಮ್ಮೆಯೂ ಕಣ್ಣಿಂದ ನೋಡದೆ ಫೋನಿನಲ್ಲೇ ತೀರ್ಪು ಕೊಟ್ಟರು. ಆ ತೀರ್ಪಿನ ಕೆಳಗೆ ನನ್ನ ಸಹಿ ಬೇಕೆಂದರು. ಅದನ್ನು ನಾನು ಹಾಕಲಿಲ್ಲ. ಆದರೆ ಅದಕ್ಕೂ ಎರಡು ತಿಂಗಳ ಮೊದಲು ಇನ್ನೊಂದು ಕಾಗದಕ್ಕೆ ಸಹಿ ಹಾಕಿದ್ದೆ. ಅನಾಹುತ ಶುರುವಾದದ್ದು ಅಲ್ಲಿಂದ.

ನಮ್ಮ ಘಟಕ ಇದ್ದದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಮೊದಲ ಮಹಡಿಯಲ್ಲಿ. ಕೆಳಗೆ ಸ್ಟೀಲ್ ಪಾತ್ರೆಗಳಿಗೆ ಪಾಲಿಶ್ ಹಾಕುವವರು. ದಿನವಿಡೀ ಅವರ ಚಕ್ರದ ಕಿರುಚಾಟ, ಅದರ ಮೇಲೆ ನಮ್ಮ ನಿಶ್ಶಬ್ದದ ಕೆಲಸ. ಪ್ರಾಣಿಗಳ ಮುರಿದ ಮೂಳೆಯನ್ನು ಸಾಮಾನ್ಯವಾಗಿ ಸ್ಟೀಲ್ ಸರಳಿನಿಂದ ಕೂಡಿಸುತ್ತಾರೆ. ಮೂಳೆ ಕೂಡಿದ ಮೇಲೆ ಬಹಳಷ್ಟು ಸಲ ಮತ್ತೊಮ್ಮೆ ಕೊಯ್ದು ಅದನ್ನು ತೆಗೆಯಬೇಕು. ಬೆಳೆಯುತ್ತಿರುವ ಮರಿಗಾದರೆ ಅದು ಇನ್ನೂ ಕಷ್ಟ. ಮೂಳೆಯಿಂದಲೇ ಮಾಡಿದ ಸರಳನ್ನು ದೇಹ ತಿಂಗಳುಗಟ್ಟಲೆ ನಿಧಾನವಾಗಿ ಕರಗಿಸಿಕೊಂಡು ಅದರ ಜಾಗದಲ್ಲಿ ತನ್ನದೇ ಮೂಳೆ ಬೆಳೆಸಿಕೊಳ್ಳುತ್ತದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇದನ್ನೇ ಓದಿ ಬಂದಿದ್ದೆ. ನಂಬಿಕೆಯಿಂದ ಬಂದಿದ್ದೆ.

ಕೆಲಸದ ಕ್ರಮ ಹೀಗಿತ್ತು. ಪರವಾನಗಿ ಇರುವ ಕಡೆಯಿಂದ, ಪಶುವೈದ್ಯರ ಮೊಹರಿನ ಚೀಟಿಯ ಜೊತೆ, ವಯಸ್ಸಾದ ಎಮ್ಮೆಗಳ ಕಾಲಿನ ಮೂಳೆ ಬರುತ್ತಿತ್ತು. ಎರಡೂ ತುದಿ ಕತ್ತರಿಸಿ, ನಡುವಿನ ಗಟ್ಟಿ ಕೊಳವೆಯನ್ನು ಮಾತ್ರ ಇಟ್ಟುಕೊಂಡು, ಒಳಗಿನ ಮಜ್ಜೆಯನ್ನು ನೀರಿನ ಒತ್ತಡದಲ್ಲಿ ತೆಗೆಯುತ್ತಿದ್ದೆವು. ಆಮೇಲೆ ಅದನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಬೇಕು, ಮೂಳೆಯ ಎಳೆ ಸಾಗುವ ದಿಕ್ಕಿನಲ್ಲಿಯೇ. ಅಡ್ಡಕ್ಕೆ ಸೀಳಿದರೆ ಬೆರಳಲ್ಲಿ ಮುರಿಯುತ್ತದೆ. ಮೂಳೆಯನ್ನು ಎಂದೂ ಕುದಿಸುವಂತಿಲ್ಲ. ಕುದಿಸಿದ ಮೂಳೆ ನೋಡಲು ಬೆಳ್ಳಗಿರುತ್ತದೆ, ಬಲದಲ್ಲಿ ಸೀಮೆಸುಣ್ಣ. ಪಟ್ಟಿಗಳನ್ನು ದ್ರಾವಕದಲ್ಲಿ ಮೂರು ದಿನ ಇಟ್ಟು, ದಿನಕ್ಕೊಮ್ಮೆ ದ್ರಾವಕ ಬದಲಿಸಿ, ಒಳಗಿನ ಕೊಬ್ಬನ್ನು ಪೂರ್ತಿ ತೆಗೆಯುತ್ತಿದ್ದೆವು. ಇದು ಮೊದಲನೇ ತೊಳೆತ. ನಿಧಾನವಾಗಿ ಒಣಗಿಸಿದ ಪಟ್ಟಿಗಳು ಕಾಮಾಕ್ಷಿಪಾಳ್ಯದ ಲೇತ್ ಕಾರ್ಖಾನೆಗೆ ಹೋಗಿ, ಅಲ್ಲಿ ದುಂಡನೆಯ ಸರಳುಗಳಾಗಿ ವಾಪಸು ಬರುತ್ತಿದ್ದವು. ಬಂದದ್ದನ್ನು ಬಂದ ಹಾಗೆಯೇ ಮತ್ತೆ ಮೂರು ದಿನ ದ್ರಾವಕಕ್ಕೆ ಇಳಿಸುತ್ತಿದ್ದೆವು. ಇದು ಎರಡನೇ ತೊಳೆತ. ಬಳಿಕ ಚೀಲದಲ್ಲಿ ಮುಚ್ಚಿ, ಹೊರಗಿನ ಘಟಕವೊಂದರಲ್ಲಿ ಅನಿಲದಿಂದ ಕ್ರಿಮಿಶುದ್ಧಿ ಮಾಡಿಸಿ, ಆ ಅನಿಲ ಪೂರ್ತಿ ಆರಿಹೋಗುವಷ್ಟು ದಿನ ಗಾಳಿಗೆ ಬಿಟ್ಟು, ಶಸ್ತ್ರವೈದ್ಯರಿಗೆ ಕಳುಹಿಸುತ್ತಿದ್ದೆವು.

ಲೇತ್ ಕಾರ್ಖಾನೆಯ ಟರ್ನರ್ ಐವತ್ತು ದಾಟಿದ ಮನುಷ್ಯ. ಮೊದಲ ದಿನ ಪಟ್ಟಿಯನ್ನು ಬೆಳಕಿಗೆ ಹಿಡಿದು, ‘ಇದ್ಯಾವ ಮೆಟೀರಿಯಲ್ ಮೇಡಂ? ನೈಲಾನ್ ಅಲ್ಲ, ದಂತಾನೂ ಅಲ್ಲ’ ಎಂದು ಕೇಳಿದ್ದರು.

‘ಮೂಳೆ ಅಣ್ಣ. ಎಮ್ಮೆದು.’

ಪಟ್ಟಿಯನ್ನು ಕೆಳಗಿಟ್ಟರು. ‘ಏನಕ್ಕೆ?’

‘ಕಾಲು ಮುರ್ಕೊಂಡ ನಾಯಿಗೆ, ಕರುಗೆ. ಒಳಗೆ ಹಾಕ್ತಾರೆ.’

‘ಹಂಗಾದ್ರೆ ಕೊಡಿ.’ ಲೇತಿನ ತಲೆಯ ಮೇಲೆ ಹೂ ಮುಡಿಸಿಟ್ಟಿದ್ದ ದೇವರ ಪಟವನ್ನು ತೆಗೆದು ಆಚೆ ಗೋಡೆಯ ಗೂಡಿನಲ್ಲಿಟ್ಟರು. ಅಂದಿನಿಂದ ಪ್ರತಿ ಸಲವೂ ಹಾಗೆಯೇ: ಮೂಳೆ ಹತ್ತುವ ಮೊದಲು ಪಟ ಇಳಿಯುತ್ತಿತ್ತು, ಕೆಲಸ ಮುಗಿದು ಯಂತ್ರ ತೊಳೆದ ಮೇಲೆ ಮತ್ತೆ ಏರುತ್ತಿತ್ತು. ಕೂಲೆಂಟ್ ಎಣ್ಣೆ ಸುರಿಯಬೇಡಿ, ತಂಪಿಗೆ ಸಲೈನ್ ಮಾತ್ರ ಹನಿಸಿ ಎಂದು ನಾನು ಹೇಳಿದ್ದೆ. ಅದನ್ನು ಅವರು ಅಕ್ಷರಶಃ ಪಾಲಿಸಿದರು. ಮೂಳೆ ಕಡೆಯುವಾಗ ಹಲ್ಲಿನ ಡಾಕ್ಟರ ಕೋಣೆಯ ವಾಸನೆ ಏಳುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ನಗುತ್ತಿದ್ದರು: ‘ಇಷ್ಟು ದಿನ ಕಂಪ್ನಿಯೋರಿಗೆ ಕಡೆದಿದ್ದಾಯ್ತು. ಒಂದು ಕೂದಲು ಹೆಚ್ಚಾದ್ರೂ ವಾಪಸ್ ಕಳಿಸೋರು. ಕರು ನಾಯಿ ಆದ್ರೆ ಸುಮ್ನೆ ಹಾಕ್ಕೊಂಡು ಓಡಾಡ್ತಾವೆ ಬಿಡಿ.’ ಆದರೂ ಅವರ ಸರಳುಗಳಲ್ಲಿ ನನ್ನ ವರ್ನಿಯರ್ ಅಳತೆಪಟ್ಟಿಗೆ ಒಂದೂ ತಪ್ಪು ಸಿಕ್ಕಿದ್ದಿಲ್ಲ.

ಬೇಡಿಕೆ ಹೆಚ್ಚಾಯಿತು. ಒಂದು ಮಧ್ಯಾಹ್ನ ನಿರ್ದೇಶಕರು ನನ್ನನ್ನು ಕರೆದರು. ಮೇಜಿನ ಮೇಲೆ ತಯಾರಿಕಾ ಕ್ರಮದ ಹಾಳೆ ಇತ್ತು, ಎರಡನೇ ತೊಳೆತದ ಸಾಲಿನ ಮೇಲೆ ಪೆನ್ಸಿಲ್ ಗೆರೆ.

‘ನೋಡಮ್ಮ, ಫಸ್ಟ್ ವಾಶ್ ಆದ್ಮೇಲೆ ಕೊಬ್ಬು ಇಲ್ಲ ಅಂತ ಟೆಸ್ಟ್ ಮಾಡಿ ತೋರ್ಸಿದ್ದು ಯಾರು?’

‘ನಾನೇ ಸಾರ್.’

‘ಮತ್ತೆ ಇಲ್ಲದೇ ಇರೋ ಕೊಬ್ಬನ್ನ ಮೂರು ದಿನ ಯಾಕೆ ತೊಳೀತಾ ಇದೀವಿ?’

‘ಲೇತ್‌ನಿಂದ ಬಂದ ಮೇಲೆ ಒಂದು ಸಲ ತೊಳೆಯೋದು ಒಳ್ಳೇದು ಸಾರ್. ಕೈ ಮುಟ್ಟಿರ್ತಾರೆ, ಧೂಳಿರುತ್ತೆ...’

‘ಅದಕ್ಕೆ ಸ್ಟೆರಿಲೈಸೇಷನ್ ಇದೆಯಲ್ಲಮ್ಮ. ಸ್ಪಿರಿಟ್ ಬಟ್ಟೇಲಿ ಒರೆಸಿ ಪ್ಯಾಕ್ ಮಾಡಿ. ಸಾಕು.’

ನನ್ನಲ್ಲಿ ಸಂಶಯವಿತ್ತು, ಪುರಾವೆ ಇರಲಿಲ್ಲ. ಪುರಾವೆ ತರುವೆನೆಂದು ಒಂದು ವಾರ ಕೇಳಬಹುದಿತ್ತು. ಕೇಳಲಿಲ್ಲ. ತಿದ್ದಿದ ಹಾಳೆಯ ಕೆಳಗೆ ಮೂರು ಜಾಗಗಳಿದ್ದವು: ಸಿದ್ಧಪಡಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು. ನಡುವಿನ ಜಾಗದಲ್ಲಿ ಸಹಿ ಹಾಕಿದೆ. ಪರಿಶೀಲಿಸಿದ್ದು ಏನನ್ನು? ನಿರ್ದೇಶಕರ ಮುಖವನ್ನು.

ಆ ಹೊಸ ಕ್ರಮದಲ್ಲಿ ತಯಾರಾದ ಮೊದಲ ಬ್ಯಾಚಿನಲ್ಲಿ ಇಪ್ಪತ್ತು ಸರಳುಗಳಿದ್ದವು. ಎರಡನ್ನು ನಿಯಮದಂತೆ ಮಾದರಿಯಾಗಿ ಕಪಾಟಿನಲ್ಲಿಟ್ಟೆವು. ಉಳಿದ ಹದಿನೆಂಟು ಐದು ಕ್ಲಿನಿಕ್‌ಗಳಿಗೆ ಹೋದವು; ಹೊಸ ಕ್ರಮದ್ದು ಆವರೆಗೆ ಹೊರಗೆ ಹೋದದ್ದು ಆ ಒಂದೇ ಬ್ಯಾಚು. ಅವುಗಳಲ್ಲಿ ಒಂದು ಮಲ್ಲತ್ತಹಳ್ಳಿಯ ಕರುವಿಗೆ. ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗ ಕರುವಿನ ಹಿಂಗಾಲಿನ ಮೇಲೆ ಚಕ್ರ ಹತ್ತಿಸಿತ್ತು. ಗೂಡ್ಸ್ ಆಟೋದಲ್ಲಿ ಗೋಣಿಚೀಲ ಹಾಸಿ, ಬಸವೇಶ್ವರನಗರದ ಶಸ್ತ್ರವೈದ್ಯರ ಬಳಿಗೆ ತಂದಿದ್ದರು. ಒಳಗೆ ಮೂಳೆ ಸರಳು, ಹೊರಗೆ ಗಾಯ ನೋಡಲು ಕಿಟಕಿ ಬಿಟ್ಟ ಪ್ಲಾಸ್ಟರ್. ಒಂದು ವಾರ ಎಲ್ಲ ಸರಿಯಿತ್ತು. ಹತ್ತನೇ ದಿನ ಕಾಲು ಊದಿತು, ಹೊಲಿಗೆಯ ಸಂದಿಯಲ್ಲಿ ತಿಳಿಯಾದ ಕೀವು ಇಳಿಯತೊಡಗಿತು.

ಶಸ್ತ್ರವೈದ್ಯರು ನಮ್ಮ ಕಚೇರಿಗೆ ಫೋನ್ ಮಾಡಿದರು. ಆಗಲೇ ನಿರ್ದೇಶಕರು ಆ ತೀರ್ಪು ಕೊಟ್ಟದ್ದು. ಫೋನಿಟ್ಟು ನನ್ನ ಕಡೆ ತಿರುಗಿ, ‘ಹಸು ಕಟ್ಟೋ ಜಾಗದ ಹೈಜೀನ್ ಸರಿ ಇಲ್ಲ ಅಂತ ಒಂದು ರಿಪೋರ್ಟ್ ಬರಿ. ಫೈಲ್‌ಗೆ ಬೇಕು’ ಎಂದರು.

‘ಹೋಗಿ ನೋಡ್ಕೊಂಡು ಬಂದು ಬರೀತೀನಿ ಸಾರ್.’

‘ನೋಡೋಕೇನಿದೆ? ಕೊಟ್ಟಿಗೆ ಕೊಟ್ಟಿಗೇನೇ.’

ನಾನು ಹೋದೆ. ಒಂದು ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ: ಆ ಕೊಟ್ಟಿಗೆಯ ನೆಲ ನಮ್ಮ ಪ್ಯಾಕಿಂಗ್ ಕೋಣೆಯ ನೆಲಕ್ಕಿಂತ ಚೊಕ್ಕಟವಾಗಿತ್ತು. ಕರುವಿಗೆ ಪ್ರತ್ಯೇಕ ಮೂಲೆ, ಅಲ್ಲಿ ಒಣ ಮರದ ಹೊಟ್ಟು, ಅದರ ಮೇಲೆ ಒಗೆದ ಗೋಣಿ. ಪ್ಲಾಸ್ಟರಿಗೆ ಸಗಣಿ ತಾಗದಂತೆ ಹಾಲಿನ ಪ್ಯಾಕೆಟ್ಟಿನ ಕವರುಗಳನ್ನು ಹೊಲಿದು ಮಾಡಿದ ಚೀಲ ಕಟ್ಟಿತ್ತು. ಹಸುಗಳ ಒಡತಿ, ಆ ಹಳೆಯ ಊರಿನ ಮನೆತನದ ವಿಧವೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

‘ನೀನೇನಮ್ಮ ಮೂಳೆ ಕಂಪ್ನಿಯೋಳು?’

‘ಹೌದು ಆಂಟಿ.’

‘ಚಪ್ಲಿ ಅಲ್ಲೇ ಬಿಡು. ಗಲೀಜಾಗುತ್ತೆ.’ ಒಂದು ಕ್ಷಣ ನಿಲ್ಲಿಸಿ, ‘ನನ್ನ ಕೊಟ್ಟಿಗೆ’ ಎಂದು ಸೇರಿಸಿದರು.

ಚಪ್ಪಲಿ ಬಿಟ್ಟೆ. ಅವರು ಕರುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅದರ ಗಂಗೆದೊಗಲು ಸವರುತ್ತಾ ಹೇಳಿದರು: ‘ದಿನಕ್ಕೆ ಎರಡು ಸಲ ಬಿಸಿನೀರಲ್ಲಿ ಸುತ್ತ ಒರೆಸ್ತೀನಿ. ಡಾಕ್ಟ್ರು ಕೊಟ್ಟ ಔಷಧಿ ಟೈಮ್ ಟೈಮ್‌ಗೆ ಹಾಕ್ತೀನಿ. ಗಲೀಜು ಅಂತ ನಿಮ್ ಸಾಹೇಬ್ರು ಅಂದ್ರಂತೆ. ಅದು ಡಾಕ್ಟ್ರ ಫೋನಲ್ಲಿ ಜೋರಾಗಿ ಕೇಳಿಸ್ತು. ನಮ್ ಮೈದುನನೂ ಅಲ್ಲೇ ಇದ್ದ.’

ಮೈದುನ ಈಗಲೂ ಅಲ್ಲೇ ಇದ್ದರು, ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ. ‘ನಾನು ಹೇಳ್ತಾನೇ ಇದೀನಲ್ಲ ಅತ್ಗೆ. ಸಿಟಿ ಮಧ್ಯದಲ್ಲಿ ಹಸು ಯಾಕೆ? ಈಗ ಕಂಪ್ನಿಯೋರೇ ಹೇಳಿದಾರೆ. ಬಾಡಿಗೆ ಮನೆಯೋರು ವಾಸ್ನೆ ಅಂತಾರೆ. ಈ ಕರು ನಿಲ್ಲಲ್ಲ, ಬರ್ದಿಟ್ಕೊಳ್ಳಿ. ಮೂರನ್ನೂ ಒಟ್ಟಿಗೆ ಕಳಿಸ್ಬಿಡಿ. ನಾಲ್ಕು ಪೋರ್ಷನ್ ಕಟ್ಟೋ ಜಾಗ ಇದು.’

‘ನಿಲ್ಲುತ್ತೋ ಇಲ್ವೋ ಅದು ಹೇಳ್ಲಿ, ನೀನ್ ಹೇಳ್ಬೇಡ’ ಎಂದರು ಆಕೆ, ತಿರುಗಿ ಸಹ ನೋಡದೆ.

ಹೀಗೆ ನಮ್ಮ ಕಚೇರಿಯ ಹತ್ತು ಸೆಕೆಂಡಿನ ಒಂದು ಮಾತು ಮಲ್ಲತ್ತಹಳ್ಳಿಯಲ್ಲಿ ಒಬ್ಬ ಹೆಂಗಸಿನ ಹಸುಗಳನ್ನು ಹೊರಗಟ್ಟುವ ಆಯುಧವಾಗಿತ್ತು.

ಅಲ್ಲಿಂದ ನೇರ ಶಸ್ತ್ರವೈದ್ಯರ ಬಳಿ ಹೋದೆ. ಅವರು ಕೀವನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದರು, ವರದಿ ಬಂದಿತ್ತು. ಯಾವ ಕ್ರಿಮಿಯೂ ಬೆಳೆದಿರಲಿಲ್ಲ.

‘ಗಲೀಜಿನಿಂದ ಬಂದಿದ್ರೆ ಏನಾದ್ರೂ ಬೆಳೀಬೇಕಿತ್ತಮ್ಮ’ ಎಂದರು. ‘ದೇಹ ಏನನ್ನೋ ಹೊರಗೆ ತಳ್ತಾ ಇದೆ. ಇನ್ನೊಂದು ಮಾತು. ಹಾಕೋಕೆ ಮುಂಚೆ ಸರಳನ್ನ ಒಂದು ಗಂಟೆ ಸಲೈನ್‌ನಲ್ಲಿ ನೆನೆಸ್ತೀನಲ್ಲ, ಆವತ್ತು ಸಲೈನ್ ಮೇಲೆ ಬಣ್ಣಬಣ್ಣದ ತೆಳು ಪೊರೆ ತರ ಇತ್ತು. ನಿಮ್ ಡೈರೆಕ್ಟರ್‌ಗೆ ಅವತ್ತೇ ಫೋನ್ ಮಾಡಿ ಕೇಳ್ದೆ.’

‘ಏನಂದ್ರು ಸಾರ್?’

‘ಮೂಳೇದೇ ಕೊಬ್ಬು, ನ್ಯಾಚುರಲ್, ಯೋಚ್ನೆ ಮಾಡ್ಬೇಡಿ ಅಂದ್ರು. ನಾನೂ ನಂಬ್ಬಿಟ್ಟೆ. ನಂಬಬಾರದಿತ್ತು.’

ಕೊಬ್ಬು ಇಲ್ಲವೆಂದು ಹೇಳಿ ಎರಡನೇ ತೊಳೆತ ತೆಗೆದುಹಾಕಿದ ಮನುಷ್ಯ, ಸಲೈನ್ ಮೇಲೆ ಅದೇ ಕೊಬ್ಬು ತೇಲಿದಾಗ ಅದನ್ನು ನೈಸರ್ಗಿಕವೆಂದು ಸಮಾಧಾನ ಹೇಳಿದ್ದರು. ಆ ಕರೆಯ ವಿಷಯ ನನಗೆ ತಿಳಿಸಿರಲಿಲ್ಲ. ದೂರುಗಳ ಪುಸ್ತಕದಲ್ಲಿ ಅದರ ದಾಖಲೆ ಇರಲಿಲ್ಲ. ಬಸವೇಶ್ವರನಗರದಿಂದ ರಾಜಾಜಿನಗರದವರೆಗೆ ನಡೆದೇ ಬಂದೆ. ಆಟೋದಲ್ಲಿ ಕೂರುವಷ್ಟು ಸಮಾಧಾನ ನನ್ನಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಕಪಾಟಿನಿಂದ ಮಾದರಿಗಳನ್ನು ತೆಗೆದೆ. ಒಂದು ಈ ಬ್ಯಾಚಿನ ಸರಳು. ಇನ್ನೊಂದು ಹಳೆಯ ಬ್ಯಾಚಿನದು, ಎರಡನೇ ತೊಳೆತ ಕಂಡದ್ದು. ಮೂರನೆಯದು ಈ ಬ್ಯಾಚಿನದೇ ಪಟ್ಟಿಯ ತುಂಡು, ಲೇತ್‌ಗೆ ಹೋಗುವ ಮುನ್ನ ಕತ್ತರಿಸಿ ಇಟ್ಟದ್ದು. ಮೂರನ್ನೂ ಬೇರೆ ಬೇರೆ ಬ್ಲಾಟಿಂಗ್ ಪೇಪರಿನ ಮೇಲಿಟ್ಟು ಬೆಚ್ಚಗಿನ ಓವನ್ನಿನೊಳಗೆ ನಾಲ್ಕು ಗಂಟೆ ಬಿಟ್ಟೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಬೋಂಡ ಸುತ್ತಿದ ಕಾಗದ ನೋಡಿದವರಿಗೆಲ್ಲ ಗೊತ್ತಿರುವ ಪರೀಕ್ಷೆ. ಮಧ್ಯಾಹ್ನ ಕಾಗದಗಳನ್ನು ಕಿಟಕಿಗೆ ಹಿಡಿದೆ. ಹಳೆಯ ಸರಳಿನದು ಸ್ವಚ್ಛ. ಲೇತ್ ಕಾಣದ ಪಟ್ಟಿಯದೂ ಸ್ವಚ್ಛ. ಹೊಸ ಸರಳಿನ ಕಾಗದದಲ್ಲಿ ಮಾತ್ರ, ಸರಳಿನ ಉದ್ದಕ್ಕೂ, ಬೆಳಕು ಹಾಯುವ ಒಂದು ಕಲೆ.

ಅಂದರೆ ಅದು ಮೂಳೆಯ ಕೊಬ್ಬಲ್ಲ. ಪಟ್ಟಿಯಲ್ಲಿ ಇಲ್ಲದ್ದು ಸರಳಿನಲ್ಲಿದೆ ಎಂದರೆ, ನಡುವೆ ಎಲ್ಲೋ ಸೇರಿದೆ. ನಡುವೆ ಇರುವುದು ಲೇತ್ ಒಂದೇ.

ಕಾಮಾಕ್ಷಿಪಾಳ್ಯಕ್ಕೆ ಹೋದಾಗ ಟರ್ನರ್ ಯಾವುದೋ ಹಿತ್ತಾಳೆ ಕೆಲಸದಲ್ಲಿದ್ದರು. ‘ಅಣ್ಣ, ನಮ್ಮ ಸರಳಿಗೆ ಕೂಲೆಂಟ್ ಹಾಕಿದ್ರಾ?’ ಎಂದೆ, ಬಾಗಿಲಲ್ಲೇ.

ಅವರ ಮುಖ ಕೆಂಪಾಯಿತು. ‘ನೀವು ಬೇಡ ಅಂದ್ಮೇಲೆ ಹಾಕ್ತೀನಾ ಮೇಡಂ? ಮೆಷಿನ್ ಮುಟ್ಟಿ ಹೇಳ್ತೀನಿ. ಒಂದು ಹನಿ ಬಿದ್ದಿಲ್ಲ. ಬೇಕಾದ್ರೆ ಈಗ್ಲೇ ಒಂದು ಕಡೆದು ತೋರ್ಸ್ತೀನಿ.’

ಪಟ ಇಳಿಯಿತು. ಪಟ್ಟಿ ಹತ್ತಿತು. ಸಲೈನ್ ಹನಿಯಿತು. ಇಪ್ಪತ್ತು ನಿಮಿಷದಲ್ಲಿ ಸರಳು ಸಿದ್ಧ. ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ತೃಪ್ತಿಯಿಂದ ಒಂದು ಸಲ ತಲೆಯಾಡಿಸಿ, ಅವರು ಎಡಗೈಯನ್ನು ಯಂತ್ರದ ಪಕ್ಕದ ಡಬ್ಬಿಗೆ ಹಾಕಿದರು. ಅಲ್ಲಿ ಎಣ್ಣೆಯಲ್ಲಿ ನೆನೆದ ಕಾಟನ್ ವೇಸ್ಟ್ ನೂಲಿನ ಮುದ್ದೆ ಇತ್ತು. ಅದರಿಂದ ಸರಳನ್ನು ತುದಿಯಿಂದ ತುದಿಗೆ ನವಿರಾಗಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ಕಂದು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ನಾನು ಅವರು ಕಡೆಯುವುದನ್ನು ಎಷ್ಟೋ ಸಲ ನಿಂತು ನೋಡಿದ್ದೆ. ಸುತ್ತಿ ಕೊಡುವುದನ್ನು ನೋಡಿರಲಿಲ್ಲ.

‘ಅಣ್ಣ, ಈ ಎಣ್ಣೆ...’

‘ಅದು ಕಟಿಂಗ್‌ಗೆ ಅಲ್ಲ ಮೇಡಂ. ಒರೆಸೋಕೆ. ನಮ್ ಮೇಸ್ತ್ರಿ ಕಲ್ಸಿದ್ದೇ ಅದು. ಮುಗಿದ ಜಾಬ್‌ನ ಒಣಗಿದ್ದು ಕೊಟ್ರೆ ಕೆಲಸಗಾರನ ಮಾನ ಹೋಗುತ್ತೆ. ಎಣ್ಣೆ ಕೈ ಆಡಿಸಿ, ಸುತ್ತಿ ಕೊಡ್ಬೇಕು.’

‘ಮೂಳೆಗೆ ತುಕ್ಕು ಹಿಡಿಯಲ್ಲ ಅಣ್ಣ.’

ಅವರು ಸ್ವಲ್ಪ ಹೊತ್ತು ತಮ್ಮ ಎಡಗೈಯನ್ನೇ ನೋಡಿದರು. ‘ಅದು ನಂಗೊತ್ತು ಮೇಡಂ’ ಎಂದರು ನಿಧಾನವಾಗಿ. ‘ಕೈಗೆ ಗೊತ್ತಾಗ್ಬೇಕಲ್ಲ.’

ಮೊದಲ ದಿನದಿಂದಲೂ ಒರೆಸುತ್ತಿದ್ದರು. ಪ್ರತಿಯೊಂದು ಸರಳನ್ನೂ. ಹಳೆಯ ಬ್ಯಾಚುಗಳನ್ನು ಉಳಿಸಿದ್ದು ಎರಡನೇ ತೊಳೆತ. ನಾವ್ಯಾರೂ ತಿಳಿಯದೆಯೇ ಅದು ಆ ಎಣ್ಣೆಯನ್ನು ಪ್ರತಿಸಲ ತೆಗೆದುಹಾಕುತ್ತಿತ್ತು. ಕೊಬ್ಬು ತೆಗೆದ ಮೂಳೆ ಖಾಲಿ ರಂಧ್ರಗಳ ರಾಶಿ. ಎಣ್ಣೆಯನ್ನು ದೀಪದ ಬತ್ತಿಯಂತೆ ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ಸ್ಪಿರಿಟ್ ಬಟ್ಟೆ ಆಡಿಸಿದರೆ ಒಳಗಿನದು ಒಳಗೇ ಇರುತ್ತದೆ. ಅನಿಲ ಕ್ರಿಮಿಗಳನ್ನು ಕೊಲ್ಲುತ್ತದೆ, ಎಣ್ಣೆಯನ್ನಲ್ಲ. ಹಾಗಾಗಿ ನಮ್ಮ ಸರಳು ಪ್ರಮಾಣಪತ್ರದ ಪ್ರಕಾರ ಕ್ರಿಮಿಶುದ್ಧ, ಕರುವಿನ ಕಾಲಿನ ಪ್ರಕಾರ ಕೊಳಕು.

‘ಆ ಕರುಗೆ ನೋವಾಗಿದ್ದು ನನ್ನಿಂದ್ಲಾ ಮೇಡಂ?’ ಟರ್ನರ್ ಕೇಳಿದರು. ನಾನು ಇಲ್ಲವೆಂದೆ. ಅವರು ನಂಬಲಿಲ್ಲ. ಡಬ್ಬಿಯನ್ನು ಎತ್ತಿ ಯಂತ್ರದ ಆ ಬದಿಗೆ, ಕೈಗೆ ಎಟುಕದ ಹಾಗೆ ಇಟ್ಟರು. ಪಟವನ್ನು ಮತ್ತೆ ಏರಿಸುವುದನ್ನು ಮರೆತರು.

ಮೂರು ಬ್ಲಾಟಿಂಗ್ ಪೇಪರುಗಳನ್ನು ನಿರ್ದೇಶಕರ ಮೇಜಿನ ಮೇಲೆ ಹರಡಿ ಎಲ್ಲವನ್ನೂ ಹೇಳಿದೆ. ಎರಡನೇ ತೊಳೆತ ಬಿಟ್ಟ ಹಾಳೆಗೆ ನಾನೂ ಸಹಿ ಹಾಕಿದ್ದೇನೆ ಎಂದೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಮುಖದಲ್ಲಿ ಒಂದು ತರದ ನಿರಾಳ ಮೂಡಿತು.

‘ಗುಡ್ ವರ್ಕ್ ಅಮ್ಮ. ಅಂದ್ರೆ ಲೇತ್‌ನೋನ ತಪ್ಪು. ಹಂಗೇ ಬರಿ.’

‘ಸಾರ್, ಅವರಿಗೆ ನಾವು ಒರೆಸ್ಬೇಡಿ ಅಂತ ಹೇಳೇ ಇಲ್ಲ. ತೊಳೆಯೋದನ್ನ ನಿಲ್ಲಿಸಿದ್ದು ನಾವು.’

‘ಅನ್ ಆಥರೈಸ್ಡ್ ಆಗಿ ಎಣ್ಣೆ ಹಚ್ಚಿದ. ಅಷ್ಟೇ. ಬೇರೆ ಲೇತ್ ನೋಡೋಣ.’

‘ಹೊರಗೆ ಹೋಗಿರೋ ಸರಳುಗಳು?’

‘ಸ್ಟೆರಿಲಿಟಿ ಸರ್ಟಿಫಿಕೇಟ್ ಇದೆ. ಲೀಗಲಿ ಏನೂ ತೊಂದ್ರೆ ಇಲ್ಲ. ವಾಪಸ್ ತರಿಸಿದ್ರೆ ಹೆಸರು ಹಾಳಾಗುತ್ತೆ. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ಬದಲಾಯಿಸಿ ಕೊಡೋಣ.’

‘ಕಂಪ್ಲೇಂಟ್ ಮಾಡೋದು ನಾಯಿ, ಕರು ಸಾರ್. ಅವು ಫೋನ್ ಮಾಡಲ್ಲ.’

‘ಎಮೋಷನಲ್ ಆಗ್ಬೇಡ’ ಎಂದರು. ವಿದ್ಯಾವಂತ ಗಂಡಸರು ಲೆಕ್ಕ ಕೊಡಲು ಆಗದಾಗ ಎದುರಿನ ಹುಡುಗಿಗೆ ಹೇಳುವ ಮಾತು ಇದು. ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ಸಿಟ್ಟು ಬಂದ ಮಾತ್ರಕ್ಕೆ ಮೇಜಿನ ಮೇಲಿನ ಕಾಗದದ ಕಲೆ ಮಾಯವಾಗುವುದಿಲ್ಲ.

ರವಾನೆ ಪುಸ್ತಕದ ಆ ಪುಟವನ್ನು ಕೈಯಲ್ಲಿ ಬರೆದುಕೊಂಡು ಹೊರಬಿದ್ದೆ. ಮನೆಗೆ ಹೋದರೆ ಧೈರ್ಯ ಕುಗ್ಗಬಹುದೆಂದು ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಒಂದೊಂದೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಹೆಸರು ಹೇಳಿದೆ, ಬ್ಯಾಚಿನ ಸಂಖ್ಯೆ ಹೇಳಿದೆ, ಬಳಸಬೇಡಿ ಎಂದೆ, ಕಾರಣ ಹೇಳಿದೆ. ‘ಇದನ್ನ ಬರವಣಿಗೇಲಿ ಕೊಡ್ತೀರಾ?’ ಎಂದು ಒಬ್ಬರು ಕೇಳಿದರು. ಕೊಡುತ್ತೇನೆ ಎಂದು ಅಲ್ಲೇ ಕಳುಹಿಸಿದೆ. ಇನ್ನೊಬ್ಬರು ಬೈದರು. ರೈಲು ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸುತ್ತಿದ್ದೆ.

ನಾಲ್ಕನೆಯದು ಕೆಂಗೇರಿಯ ಕ್ಲಿನಿಕ್. ಸಹಾಯಕರು ಎತ್ತಿಕೊಂಡರು. ‘ಸಾರ್ ಆಪರೇಷನ್‌ನಲ್ಲಿದಾರೆ. ನಾಯಿಮರಿ ಕಾಲು.’

‘ಯಾವ ಸರಳು ಹಾಕ್ತಾ ಇದಾರೆ ಕೇಳಿ. ದಯವಿಟ್ಟು ಈಗ್ಲೇ ಕೇಳಿ.’

ಫೋನು ಸ್ಪೀಕರಿಗೆ ಬಂತು. ‘ನಿಮ್ದೇ ಕಣಮ್ಮ, ಸಲೈನ್‌ನಲ್ಲಿ ನೆನೀತಾ ಇದೆ. ಅರಿವಳಿಕೆ ಕೊಟ್ಟಾಯ್ತು. ಯಾಕೆ?’

‘ಸಾರ್, ಸಲೈನ್ ಮೇಲೆ ಲೈಟ್ ಹಿಡಿದು ನೋಡಿ. ಬಣ್ಣಬಣ್ಣದ ಪೊರೆ ಇದೆಯಾ?’

ಲೋಹದ ತಟ್ಟೆ ಸರಿಯುವ ಸದ್ದು.

‘ಇದೆ’ ಎಂದರು. ಆಮೇಲೆ, ನನಗಲ್ಲ, ಪಕ್ಕದವರಿಗೆ: ‘ಇದನ್ನ ತೆಗೀರಿ ಆಚೆ. ಸ್ಟೀಲ್ ಸೆಟ್ ಕೊಡಿ.’

ಹದಿನೆಂಟರಲ್ಲಿ ಅಷ್ಟರೊಳಗೆ ಮೂರು ಬಳಕೆಯಾಗಿದ್ದವು. ಕರುವಿನದು ಒಂದು. ಉಳಿದೆರಡು ನಾಯಿಗಳವು, ಆ ಮಾಲೀಕರಿಗೆ ಅವರವರ ವೈದ್ಯರು ತಿಳಿಸುವುದಾಗಿ ಮಾತು ಕೊಟ್ಟರು. ಹದಿನೈದು ವಾಪಸು ಬಂದವು. ಅವುಗಳ ಜೊತೆಗೇ ನನಗೊಂದು ಪತ್ರವೂ ಬಂತು: ಗೋಪ್ಯತೆಯ ಉಲ್ಲಂಘನೆ, ಸಂಸ್ಥೆಯ ಹೆಸರಿಗೆ ಧಕ್ಕೆ, ಇಂದಿನಿಂದ ಕೆಲಸಕ್ಕೆ ಬರತಕ್ಕದ್ದಲ್ಲ. ಟರ್ನರ್ ಅವರನ್ನು ಹೊಣೆ ಮಾಡಿ ಬೇರೊಬ್ಬರಿಂದ ವರದಿ ಬರೆಸಿದರು. ಎರಡನೇ ತೊಳೆತವನ್ನು ಸದ್ದಿಲ್ಲದೆ ಮತ್ತೆ ಸೇರಿಸಿದರು. ಆ ತಿದ್ದುಪಡಿಯ ಹಾಳೆಯನ್ನು ಅಲ್ಲಿ ಇನ್ನೂ ಕೆಲಸ ಮಾಡುವವರೊಬ್ಬರು ನನಗೆ ಓದಿ ಹೇಳಿದರು. ಬದಲಾವಣೆಗೆ ಕಾರಣ ಎಂಬಲ್ಲಿ ಬರೆದದ್ದು ಎರಡೇ ಪದ: ಗುಣಮಟ್ಟ ಸುಧಾರಣೆ. ಕರುವಿನ ಪ್ರಸ್ತಾಪ ಇಲ್ಲ. ಕಲೆಯ ಪ್ರಸ್ತಾಪ ಇಲ್ಲ. ಮೊದಲು ಆ ತೊಳೆತವನ್ನು ತೆಗೆದುಹಾಕಿದ್ದು ಯಾರು ಎಂಬುದೂ ಇಲ್ಲ. ಮುಂದೆ ಇನ್ನೊಬ್ಬ ನಿರ್ದೇಶಕ ಬಂದು ಅದೇ ಸಾಲಿನ ಮೇಲೆ ಅದೇ ಪೆನ್ಸಿಲ್ ಗೆರೆ ಎಳೆದರೆ, ತಡೆಯಲು ಆ ಫೈಲಿನಲ್ಲಿ ಒಂದಕ್ಷರವೂ ಇಲ್ಲ. ನನ್ನ ಕೆಲಸ ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ.

ಬಸವೇಶ್ವರನಗರದ ಶಸ್ತ್ರವೈದ್ಯರು ಕರುವಿನ ಕಾಲಿನಿಂದ ಸರಳು ತೆಗೆದು, ಗಾಯ ತೊಳೆದು, ಈ ಸಲ ಒಳಗೆ ಏನನ್ನೂ ಹಾಕದೆ ಹೊರಗಿನ ಆಧಾರ ಮಾತ್ರ ಕಟ್ಟಿದರು. ಸರಳಿಲ್ಲದೆ ಮೂಳೆ ನೆಟ್ಟಗೆ ಕೂಡುವುದು ಕಷ್ಟ ಎಂದು ಮೊದಲೇ ಹೇಳಿದ್ದರು. ಕೀವು ನಿಂತಿತು. ಆರನೇ ವಾರ ನಾನು ಮಲ್ಲತ್ತಹಳ್ಳಿಗೆ ಹೋದಾಗ ಕರು ನಿಂತಿತ್ತು. ಹಿಂಗಾಲು ಒಂದು ಬೆರಳಿನಷ್ಟು ಗಿಡ್ಡ. ನಡೆದರೆ ಕುಂಟುತ್ತದೆ, ಇನ್ನು ಯಾವಾಗಲೂ ಕುಂಟುತ್ತದೆ. ಆದರೆ ನಾಲ್ಕು ಕಾಲಿನ ಮೇಲೆ ನಿಂತು ತಾಯಿಯ ಕೆಚ್ಚಲಿಗೆ ಗುಮ್ಮುತ್ತಿತ್ತು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ‘ತಪ್ಪು ನಿಮ್ಮ ಕೊಟ್ಟಿಗೇದಲ್ಲ ಅಮ್ಮ, ನಮ್ದು’ ಎಂದು ಶುರು ಮಾಡಿ, ಎಣ್ಣೆಯ ವಿಷಯ, ತೊಳೆತದ ವಿಷಯ, ನನ್ನ ಸಹಿಯ ವಿಷಯ ಎಲ್ಲ ಹೇಳಿದೆ. ಆಂಟಿ ಎನ್ನಲು ಆ ದಿನ ಬಾಯಿ ಬರಲಿಲ್ಲ.

ಆಕೆ ಪೂರ್ತಿ ಕೇಳಿದರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ‘ನಂಗೆ ಹೇಳಿದ್ರೆ ಏನ್ ಬಂತು? ನಂಗೆ ಮೊದ್ಲೇ ಗೊತ್ತಿತ್ತು’ ಎಂದರು. ಒಳಗೆ ಹೋಗಿ ಹಾಲಿನ ಲೆಕ್ಕದ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದರು. ‘ಬರಿ. ನಮ್ ಮೈದುನ ಓದೋ ಹಂಗೆ ದಪ್ಪಕ್ಕೆ ಬರಿ.’

ಹಸು ಕಟ್ಟುವ ಕಲ್ಲಿನ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಕರುವಿನ ಗಾಯಕ್ಕೆ ಕಾರಣ ಸರಳಿನೊಳಗಿದ್ದ ಎಣ್ಣೆ. ಎಣ್ಣೆ ಉಳಿದದ್ದು ಸಂಸ್ಥೆ ಎರಡನೇ ತೊಳೆತವನ್ನು ಕೈಬಿಟ್ಟಿದ್ದರಿಂದ. ಕೊಟ್ಟಿಗೆ ಸ್ವಚ್ಛವಾಗಿತ್ತು, ನಾನೇ ಕಣ್ಣಾರೆ ನೋಡಿದ್ದೇನೆ. ಟರ್ನರ್‌ಗೆ ಒರೆಸಬೇಡಿ ಎಂದು ಯಾರೂ ಹೇಳಿರಲಿಲ್ಲ. ಕೆಳಗೆ ಪರಿಶೀಲಿಸಿದವರು ಎಂದು ಬರೆದು ಸಹಿ ಹಾಕಿದೆ. ಈ ಸಲ ಪರಿಶೀಲಿಸಿದ್ದೆ.

ಆಕೆ ಹಾಳೆಯನ್ನು ದೂರ ಹಿಡಿದು ನಿಧಾನವಾಗಿ ಓದಿದರು. ‘ಇದು ನಿನ್ದು. ನಿಮ್ ಸಾಹೇಬ್ರುದು ಎಲ್ಲಿ?’

‘ಅವರು ಹಾಕಲ್ಲ ಅಮ್ಮ.’

‘ಹಾಕ್ದೇ ಇದ್ರೆ ಬಿಡ್ಲಿ. ಜಾಗ ಬಿಡು. ಹೆಸರು ಬರಿ, ಪಕ್ಕದಲ್ಲಿ ಗೆರೆ ಎಳಿ. ಬಂದ್ ಹಾಕ್ಲಿ.’

ನನ್ನ ಸಹಿಯ ಕೆಳಗೆ ಅನುಮೋದಿಸಿದವರು ಎಂದು ಬರೆದು, ನಿರ್ದೇಶಕರ ಹೆಸರು ಬರೆದು, ಗೆರೆ ಎಳೆದೆ. ಆಕೆ ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಕೊಟ್ಟಿಗೆಯ ಬಾಗಿಲಿಗೆ, ಮೈದುನನ ಮೆಟ್ಟಿಲಿನಿಂದ ಕಾಣುವ ಹಾಗೆ, ನಾಲ್ಕು ಮೊಳೆ ಹೊಡೆದು ಬಿಗಿದರು. ಹೋದ ವಾರ ಆ ಕಡೆ ಹೋಗಿದ್ದೆ. ಹಸುಗಳು ಅಲ್ಲೇ ಇವೆ. ಹಾಳೆಯೂ ಇದೆ, ಗೆರೆಯ ಮೇಲೆ ಇನ್ನೂ ಏನೂ ಇಲ್ಲ.